ಡಿಎನ್‌ಎಸ್‌ಮಾಸ್ಕ್, ಎರಡು ವರ್ಷದ ನಂತರ: ಕಿತ್ತು ಹಾಕಬೇಕು ಅಂತಿದ್ದೆ, ಹಾಕಲಿಲ್ಲ

ಆಫೀಸಿನಲ್ಲಿ ಸುಮಾರು ನಲವತ್ತು ಕಂಪ್ಯೂಟರ್, ಒಂದಷ್ಟು ಪ್ರಿಂಟರ್, ಜೊತೆಗೆ ಎಲ್ಲರ ಫೋನ್. ಇವೆಲ್ಲದರ ಡಿಎನ್‌ಎಸ್ ಪ್ರಶ್ನೆಗಳು, ಅಂದರೆ 'ಈ ಹೆಸರಿನ ಐಪಿ ವಿಳಾಸ ಏನು' ಅನ್ನುವ ಪ್ರಶ್ನೆಗಳು, ಮೊದಲು ಬರುವುದು ಮೂಲೆಯಲ್ಲಿರುವ ಒಂದು ಹಳೆಯ ಪುಟ್ಟ ಯಂತ್ರಕ್ಕೆ. ಅದರಲ್ಲಿ ಡಿಎನ್‌ಎಸ್‌ಮಾಸ್ಕ್ (dnsmasq) ಇದೆ, ಆ ಪ್ರಶ್ನೆಗಳಿಗೆ ಉತ್ತರ ಕೊಡುವ ಪುಟ್ಟ ಸಾಫ್ಟ್‌ವೇರ್. ಇನ್‌ಸ್ಟಾಲ್ ಮಾಡುವ ವಿಷಯ ಬಿಡುತ್ತೇನೆ, ಅದು ಹತ್ತು ನಿಮಿಷದ ಕೆಲಸ.

ಮೊದಲ ತಿಂಗಳು ಮಾತ್ರ ನಿದ್ದೆ ಕೆಡಿಸಿತು. ಬಿಲ್ಲಿಂಗ್ ಸರ್ವರ್‌ನ ಹೆಸರು ಈಗ ಸಿಗುತ್ತಿತ್ತು, ಸ್ವಲ್ಪ ಹೊತ್ತಿಗೆ ಸಿಗುತ್ತಿರಲಿಲ್ಲ. ಅಕೌಂಟ್ಸ್‌ನವರು ಕರೆದು ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಮತ್ತೆ ಸರಿ! ಕೇಬಲ್ ಬದಲಾಯಿಸಿದೆ, ಸ್ವಿಚ್ ಬದಲಾಯಿಸಿದೆ. ತೊಂದರೆ ಇದ್ದದ್ದು ಅಪ್‌ಸ್ಟ್ರೀಮ್ ಪಟ್ಟಿಯಲ್ಲಿ, ಅಂದರೆ ಇದು ತನಗೆ ಗೊತ್ತಿಲ್ಲದ್ದನ್ನು ಕೇಳುವ ಸರ್ವರ್‌ಗಳ ಪಟ್ಟಿಯಲ್ಲಿ. ಮೇಲೆ ನಮ್ಮ ಒಳಗಿನ ಡಿಎನ್‌ಎಸ್ ಸರ್ವರ್, ಕೆಳಗೆ ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ 8.8.8.8 ಬರೆದಿದ್ದೆ. ಮೊದಲನೆಯದು ಕೆಟ್ಟರೆ ಮಾತ್ರ ಎರಡನೆಯದು ಅಂತ ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ? ಇದು ಹಾಗಲ್ಲ. ಆಗಾಗ ಎಲ್ಲ ಸರ್ವರ್‌ಗಳನ್ನೂ ಕೇಳಿ, ಮೊದಲು ಉತ್ತರ ಕೊಟ್ಟದ್ದನ್ನೇ ಹಿಡಿದುಕೊಳ್ಳುತ್ತದೆ. ಹೊರಗಿನ ಸರ್ವರ್‌ಗೆ ನಮ್ಮ ಬಿಲ್ಲಿಂಗ್ ಹೆಸರು ಹೇಗೆ ಗೊತ್ತಿರಬೇಕು? 'ಇಲ್ಲ' ಅನ್ನುತ್ತಿತ್ತು. ಆ 'ಇಲ್ಲ' ಕೂಡ ಕ್ಯಾಶ್‌ನಲ್ಲಿ (ಬಂದ ಉತ್ತರಗಳನ್ನು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುವ ಜಾಗ) ಕೂತುಬಿಡುತ್ತಿತ್ತು.

ನಮ್ಮ ಡೊಮೈನ್‌ನ ಹೆಸರುಗಳು ಒಳಗಿನ ಸರ್ವರ್‌ಗೇ ಹೋಗಲಿ ಅಂತ ಒಂದು ಸಾಲು ಬರೆದೆ. ಆದರೂ ಬರಲಿಲ್ಲ. ಲಾಗ್ ನೋಡಿದರೆ 'ರೀಬೈಂಡ್ ದಾಳಿ ಇರಬಹುದು' ಅನ್ನುವ ಎಚ್ಚರಿಕೆ. ಹೊರಗಿನ ಹೆಸರೊಂದು ಒಳಗಿನ ಯಂತ್ರದ ವಿಳಾಸ ತೋರಿಸಿ ಮೋಸ ಮಾಡುವ ದಾಳಿ ಅದು. ಖಾಸಗಿ ಐಪಿ (ಒಳಗಿನ ನೆಟ್‌ವರ್ಕ್‌ನ ವಿಳಾಸ) ಇರುವ ಉತ್ತರಗಳನ್ನು ತಡೆಯುವ ಆಯ್ಕೆಯನ್ನು ನಾನೇ ಆನ್ ಮಾಡಿದ್ದೆ. ನಮ್ಮ ಡೊಮೈನ್‌ಗೆ ವಿನಾಯಿತಿ ಕೊಟ್ಟೆ. ಅಲ್ಲಿಂದ ಇಲ್ಲಿಯವರೆಗೆ ಆ ಹೆಸರು ಒಮ್ಮೆಯೂ ತಪ್ಪಿಲ್ಲ.

ಆ ಲಾಗ್ ಓದುತ್ತಾ ಓದುತ್ತಾ ನನಗೆ ಇದರ ಮೇಲೆ ಪ್ರೀತಿ ಬಂತು. ಈಗ ಬೆಳಿಗ್ಗೆ ಕೂತ ತಕ್ಷಣ ಇದಕ್ಕೆ ಯುಎಸ್‌ಆರ್1 ಸಿಗ್ನಲ್, ಅಂದರೆ 'ಲೆಕ್ಕ ಒಪ್ಪಿಸು' ಅನ್ನುವ ಸೂಚನೆ, ಕಳಿಸುತ್ತೇನೆ. ಕ್ಯಾಶ್‌ನಿಂದಲೇ ಎಷ್ಟು ಉತ್ತರ ಹೋಯಿತು, ಹೊರಗೆ ಎಷ್ಟು ಕೇಳಿತು, ಯಾವ ಅಪ್‌ಸ್ಟ್ರೀಮ್ ಎಷ್ಟು ಸಲ ಕೈಕೊಟ್ಟಿತು, ಎಲ್ಲ ಲಾಗ್‌ಗೆ ಬರುತ್ತದೆ. ಜಾಗ ಸಾಲದೆ ಅವಧಿಗೆ ಮುಂಚೆ ಎಷ್ಟು ಹೆಸರು ಹೊರಬಿದ್ದವು ಅಂತಲೂ ಹೇಳುತ್ತದೆ. ಮೊದಲು ಆ ಸಂಖ್ಯೆ ತುಂಬಾ ಜಾಸ್ತಿ ಇತ್ತು. ಕ್ಯಾಶ್ ಸುಮ್ನೆ ಬಿಟ್ಟರೆ 150 ಹೆಸರಷ್ಟೇ ಹಿಡಿಯುತ್ತದೆ, ನಲವತ್ತು ಜನಕ್ಕೆ ಅದು ಎಲ್ಲಿ ಸಾಕು? 2000 ಮಾಡಿದೆ. ಮರುದಿನ ಸೊನ್ನೆ. ಆ ಸೊನ್ನೆ ನೋಡಿ ಆದ ಖುಷಿ ಇನ್ನೂ ನೆನಪಿದೆ.

ಒಂದು ಬೇಸರ ಉಳಿದಿದೆ. ಸಿಗ್‌ಹಪ್ ಅನ್ನುವ ಇನ್ನೊಂದು ಸಿಗ್ನಲ್ ಕಳಿಸಿದರೆ ಕ್ಯಾಶ್ ಖಾಲಿಯಾಗುತ್ತದೆ, ಹೋಸ್ಟ್ಸ್ ಫೈಲ್ (ಯಂತ್ರದಲ್ಲೇ ಇರುವ ಹೆಸರು-ವಿಳಾಸಗಳ ಪಟ್ಟಿ) ಮತ್ತೆ ಓದುತ್ತದೆ, ಆದರೆ ಮುಖ್ಯ ಕಾನ್ಫಿಗ್ ಫೈಲ್ ಓದುವುದಿಲ್ಲ. ಒಂದು ಸಾಲು ತಿದ್ದಿದರೂ ರೀಸ್ಟಾರ್ಟ್ ಆಗಲೇಬೇಕು. ನಾನು ಊಟದ ಹೊತ್ತಿನಲ್ಲಿ ಮಾಡುತ್ತೇನೆ. ಯಂತ್ರ ಒಂದೇ ಇದ್ದರೆ ಅದು ಮಲಗಿದ ದಿನ ಎಲ್ಲರೂ 'ಇಂಟರ್ನೆಟ್ ಇಲ್ಲ' ಅನ್ನುತ್ತಾರೆ. ಅದಕ್ಕೇ ಇನ್ನೊಂದು ಹಳೆಯ ಯಂತ್ರಕ್ಕೂ ಅದೇ ಕಾನ್ಫಿಗ್ ಹಾಕಿ ಪಕ್ಕದಲ್ಲಿಟ್ಟಿದ್ದೇನೆ.

ಪ್ರತಿ ಪ್ರಶ್ನೆಯನ್ನೂ ಬರೆದಿಡುವ ಲಾಗ್ ಮಾತ್ರ ತೊಂದರೆ ಹುಡುಕುವಾಗಷ್ಟೇ ಆನ್. ಯಾರು ಯಾವ ಸೈಟ್ ನೋಡಿದರು ಅನ್ನುವುದು ಅದರಲ್ಲಿ ಕಾಣುತ್ತದೆ. ಅದು ನನಗೆ ಬೇಡ.