ವಸಡಿಗೆ ಮೂರು ಕಡೆ ಓಡಾಡಿದೆ, ಉಳಿದದ್ದು ಡೆಂಟಲ್ ಕಾಲೇಜು

ಬ್ರಶ್ ಮಾಡಿ ಉಗಿದಾಗ ರಕ್ತ ಕಾಣುವುದು ನನಗೆ ಎರಡು ವರ್ಷದಿಂದ ಇತ್ತು. ನೋವಿರಲಿಲ್ಲ, ಹಾಗಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಶುಗರ್ ಏರತೊಡಗಿತು. ಮಾತ್ರೆ ಅದೇ, ಊಟ ಅದೇ, ದಿನಾ ನಡೆಯುವುದೂ ಅಷ್ಟೇ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾತ್ರ 8.1ಕ್ಕೆ ಹೋಗಿತ್ತು. ಶುಗರ್ ಡಾಕ್ಟರು ವರದಿ ನೋಡಿ ಕೇಳಿದ್ದು ಒಂದೇ ಮಾತು: "ವಸಡು ತೋರಿಸಿಕೊಂಡಿದ್ದೀರಾ?"

ಅಲ್ಲಿಂದ ಒಂದು ವರ್ಷದಲ್ಲಿ ಮೂರು ದಾರಿ ನೋಡಿದೆ. ಔಷಧಿ ಅಂಗಡಿಯ ಮೌತ್‌ವಾಶ್, ಮನೆ ಹತ್ತಿರದ ಕ್ಲಿನಿಕ್, ಡೆಂಟಲ್ ಕಾಲೇಜಿನ ಆಸ್ಪತ್ರೆ. ಈಗ ಹೋಗುತ್ತಿರುವುದು ಮೂರನೆಯದಕ್ಕೆ. ಯಾರಾದರೂ ಕೇಳಿದರೆ ಹೇಳುವುದೂ ಅದನ್ನೇ.

ಮೌತ್‌ವಾಶ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ಲೋರ್‌ಹೆಕ್ಸಿಡಿನ್ ಅನ್ನುವ, ಬಾಯಿಯ ಕ್ರಿಮಿ ಕೊಲ್ಲುವ ಔಷಧಿ ಇರುವುದು ತಂದಿದ್ದೆ. ಬಾಯಿವಾಸನೆ ಕಡಿಮೆಯಾಯಿತು. ಹಲ್ಲಿನ ಮೇಲೆ ಕಂದು ಕಲೆ ಬಂತು, ನಾಲಿಗೆಯ ರುಚಿ ಕೆಟ್ಟಿತು. ಹಲ್ಲಿಗೆ ಗಟ್ಟಿಯಾಗಿ ಅಂಟಿದ ಪಾಚಿಯನ್ನು ಬಾಯಿ ಮುಕ್ಕಳಿಸಿ ತೆಗೆಯಲು ಆಗುವುದಿಲ್ಲ. ಅದನ್ನು ಉಪಕರಣದಿಂದ ಕೆರೆದೇ ತೆಗೆಯಬೇಕು.

ಕ್ಲಿನಿಕ್‌ನಲ್ಲಿ ಅರ್ಧ ಗಂಟೆಗೆ ಸ್ಕೇಲಿಂಗ್ (ಪಾಚಿ ಕೆರೆದು ತೆಗೆಯುವುದು), ಪಾಲಿಶ್ ಎರಡೂ ಮುಗಿದವು. ಹಲ್ಲು ಹೊಳೆಯುತ್ತಿತ್ತು, ನನಗೂ ಖುಷಿಯಾಯಿತು. ಎರಡು ತಿಂಗಳಿಗೆ ಮತ್ತೆ ರಕ್ತ. ಮತ್ತೆ ಹೋದಾಗ ಲೇಸರ್ ಪ್ಯಾಕೇಜ್ ಮಾಡಿಸಿ ಅಂದರು. ಅದರ ಮೊತ್ತ ನನ್ನ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ. ದುಡ್ಡಿನ ವಿಷಯ ಪಕ್ಕಕ್ಕಿಡೋಣ. ಎರಡು ಸಲವೂ ವಸಡಿನ ಒಳಗೆ ಏನಾಗಿದೆ ಅಂತ ಯಾರೂ ಅಳತೆ ಮಾಡಿರಲಿಲ್ಲ. ಹೀಗೆ ಅಳೆಯುವುದು ಅಂತ ಒಂದಿದೆ ಎಂದು ಆಗ ನನಗೂ ಗೊತ್ತಿರಲಿಲ್ಲ.

ಅದು ಗೊತ್ತಾಗಿದ್ದು ಕಾಲೇಜಿನಲ್ಲಿ, ಮೊದಲ ದಿನವೇ. ಸೂಜಿಯಂಥ ತೆಳು ಕಡ್ಡಿ, ತುದಿ ಮೊಂಡು, ಮೇಲೆ ಮಿಲಿಮೀಟರ್ ಗುರುತು. ಒಂದೊಂದು ಹಲ್ಲಿಗೂ ಆರು ಕಡೆ ವಸಡಿನ ಸಂದಿಗೆ ಅದನ್ನು ಮೆಲ್ಲಗೆ ಇಳಿಸಿದರು. ಪೀಜಿ ಮಾಡುತ್ತಿದ್ದ ಹುಡುಗಿ "ಮೂರು, ಎರಡು, ಮೂರು, ಆರು" ಅಂತ ಹೇಳುತ್ತಾ ಹೋದಳು, ಪಕ್ಕದ ಹುಡುಗ ಬರೆದುಕೊಂಡ. 3ರವರೆಗೆ ಸರಿ. 4ರಿಂದ ಮೇಲೆ ಅಂದರೆ ವಸಡು ಹಲ್ಲಿನಿಂದ ಬಿಟ್ಟುಕೊಂಡು ಸಂದಿ ಆಳವಾಗುತ್ತಿದೆ ಅಂತ. ನನ್ನ ದವಡೆ ಹಲ್ಲುಗಳಲ್ಲಿ ಸುಮಾರು ಕಡೆ 6, ಒಂದು ಕಡೆ 7.

ಪ್ರೊಫೆಸರ್ ಮೇಡಂ ಆ ಹಾಳೆ ನೋಡಿ ಕೇಳಿದರು: "ಕೈ ಮೇಲೆ ಇಷ್ಟು ಗಾಯ ಆಗಿ ಎರಡು ವರ್ಷ ಮಾಗದೆ ಇದ್ದಿದ್ದರೆ ಸುಮ್ನೆ ಇರ್ತಿದ್ರಾ?" ವಸಡಿನ ಉರಿಯೂತ ಬಾಯಿಯಲ್ಲೇ ನಿಲ್ಲುವುದಿಲ್ಲ, ರಕ್ತದ ಮೂಲಕ ಮೈಗೆಲ್ಲ ಅದರ ಪರಿಣಾಮ ತಟ್ಟುತ್ತದೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ ಅಂತ ಬಿಡಿಸಿ ಹೇಳಿದರು. ಶುಗರ್ ಜಾಸ್ತಿ ಇದ್ದರೆ ವಸಡು ಬೇಗ ಮಾಗುವುದೂ ಇಲ್ಲ. ಒಂದು ಕೆಟ್ಟರೆ ಇನ್ನೊಂದನ್ನೂ ಕೆಡಿಸುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ವಸಡಿನ ಚಿಕಿತ್ಸೆ ಮಾಡಿದರೆ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿಯುತ್ತದೆ ಅಂತ ಅಧ್ಯಯನಗಳಲ್ಲಿ ಕಂಡಿದೆ. ನನಗೆ ನಾಲ್ಕನೇ ತಿಂಗಳಿಗೆ 7.6 ಬಂತು, ಮಾತ್ರೆ ಬದಲಾಯಿಸದೆ.

ಇನ್ನು ಕಾಲೇಜಿನ ತೊಂದರೆ. ಅದು ಸಣ್ಣದಲ್ಲ, ಸಹಿ ಕಾಯುವುದು. ವಿದ್ಯಾರ್ಥಿಗಳು ಹೆಜ್ಜೆಹೆಜ್ಜೆಗೂ ಮೇಲಿನವರಿಗೆ ತೋರಿಸಬೇಕು. ಕೇಸ್ ಶೀಟ್ ಬರೆದಾದ ಮೇಲೆ ಒಂದು ಸಹಿ, ಇಂಜೆಕ್ಷನ್‌ಗೆ ಮೊದಲು ಒಂದು, ಕ್ಲೀನಿಂಗ್ ಆದಮೇಲೆ ಇನ್ನೊಂದು. ಮೇಡಂ ಒಬ್ಬರೇ, ಕುರ್ಚಿಗಳು ಇಪ್ಪತ್ತು.

ಎರಡನೇ ಭೇಟಿಯಲ್ಲಿ ಕೆಳಗಿನ ಬಲಭಾಗಕ್ಕೆ ಇಂಜೆಕ್ಷನ್ ಕೊಟ್ಟು ಕೆಲಸ ಶುರು ಮಾಡಿದರು. ಅರ್ಧಕ್ಕೆ ಮೇಡಂ ನೋಡಬೇಕಿತ್ತು, ಅವರು ಪರೀಕ್ಷೆ ನಡೆಸಲು ಹೋಗಿದ್ದರು. ಕುರ್ಚಿ ಹಿಂದಕ್ಕೆ ಒರಗಿಸಿ, ಎದೆ ಮೇಲೆ ಹಸಿರು ಬಟ್ಟೆ ಹಾಸಿಕೊಂಡು ಒಂದೂವರೆ ಗಂಟೆ ಮಲಗಿದ್ದೆ. ತುಟಿಯ ಜೋಮು ಮೆಲ್ಲಗೆ ಇಳಿಯುತ್ತಾ ಬಂತು. ಅವರು ಬರುವಷ್ಟರಲ್ಲಿ ಹಲ್ಲು ಜುಂ ಅನ್ನತೊಡಗಿತ್ತು, ಇನ್ನೊಂದು ಇಂಜೆಕ್ಷನ್ ಬೇಕಾಯಿತು. ಆ ಹುಡುಗಿ ಮೂರು ಸಲ "ಸಾರಿ ಅಂಕಲ್" ಅಂದಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ಆದರೆ ಅವತ್ತು ಹಸಿವಿನಿಂದ ಕೈ ನಡುಗುತ್ತಿತ್ತು. ಶುಗರ್ ಮಾತ್ರೆ ತಗೊಂಡು ಬರೀ ಅರ್ಧ ಹೊಟ್ಟೆಗೆ ತಿಂದು ಹೋಗಿದ್ದೆ. ಅದು ನಿಜಕ್ಕೂ ಅಪಾಯ.

ಆಮೇಲೆ ನಾನೇ ಕೆಲವು ಅಭ್ಯಾಸ ಮಾಡಿಕೊಂಡೆ. ಹೊಟ್ಟೆ ತುಂಬ ತಿಂದೇ ಹೋಗುತ್ತೇನೆ. ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ಮೊದಲ ಚೀಟಿ ಮಾಡಿಸುತ್ತೇನೆ. ಕೂರುವ ಮೊದಲೇ "ಮೇಡಂ ಇವತ್ತು ಎಷ್ಟು ಹೊತ್ತಿಗೆ ಇರ್ತಾರೆ?" ಅಂತ ಕೇಳುತ್ತೇನೆ. ಪ್ರತಿ ಸಲ ಅದೇ ಹುಡುಗಿಯೇ ಬೇಕು ಅನ್ನುತ್ತೇನೆ. ಕೇಸ್ ಪೂರ್ತಿಯಾದರೆ ಅವಳ ಲೆಕ್ಕಕ್ಕೂ ಸೇರುತ್ತದೆ, ಹಾಗಾಗಿ ತಾನೇ ಫೋನ್ ಮಾಡಿ ಕರೆಯುತ್ತಾಳೆ. ಕ್ಲಿನಿಕ್‌ನಿಂದ ನನಗೆ ಅಂಥ ಫೋನ್ ಬಂದಿದ್ದೇ ಇಲ್ಲ.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಅನ್ನುವವರು ಸುಮಾರು ಜನ. ನನಗೂ ಹಲ್ಲಿನ ಮಧ್ಯೆ ಸಂದಿ ಕಂಡಿತು, ಎರಡು ವಾರ ತಣ್ಣೀರು ಜುಂ ಅಂತಿತ್ತು. ಪಾಚಿ ಹೋಗಿ ವಸಡಿನ ಊತ ಇಳಿದಿದ್ದಕ್ಕೆ ಹಾಗೆ, ಅಷ್ಟೇ. ಹೃದಯದ ಕವಾಟ ಬದಲಾಯಿಸಿಕೊಂಡವರು, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಮಾತ್ರ ಎಲ್ಲಿಗೇ ಹೋಗಲಿ, ಮೊದಲೇ ಹೇಳಬೇಕು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಖರ್ಚಿನ ಲೆಕ್ಕ ನನ್ನ ಮಟ್ಟಿಗೆ ಸುಲಭ. ಕಾಲೇಜಿನಲ್ಲಿ ನಾಲ್ಕು ಭೇಟಿಗೆ ಆಗಿದ್ದು ಕ್ಲಿನಿಕ್‌ನ ಒಂದು ಕ್ಲೀನಿಂಗ್‌ಗಿಂತ ಕಡಿಮೆ. ವಸಡಿನ ರೋಗಕ್ಕೆ ಒಂದು ಸಲ ಹೋಗಿ ಮುಗಿಸುವಂತಿಲ್ಲ. ನನಗೆ ಮೂರು ತಿಂಗಳಿಗೊಮ್ಮೆ ಬರಲು ಹೇಳಿದ್ದಾರೆ. ಕ್ಲಿನಿಕ್ ಆಗಿದ್ದರೆ ಎರಡನೇ ಸಲಕ್ಕೇ ಬಿಟ್ಟುಬಿಡುತ್ತಿದ್ದೆ. ನನಗೆ ಮಧ್ಯಾಹ್ನದ ಪಾಳಿ, ಬೆಳಿಗ್ಗೆ ಬಿಡುವು. ಬೆಳಿಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಹೋಗುವವರಿಗೆ ಇದು ಕಷ್ಟ, ಒಪ್ಪುತ್ತೇನೆ. ಅವರು ಕ್ಲಿನಿಕ್‌ಗೇ ಹೋಗಲಿ, ಆದರೆ ಪಾಲಿಶ್‌ಗೆ ಮೊದಲು "ವಸಡಿನ ಆಳ ಅಳೆದು ಬರೆದುಕೊಡಿ" ಅಂತ ಕೇಳಲಿ.

ನನ್ನ 6ಗಳೆಲ್ಲ ಈಗ 3, 4ಕ್ಕೆ ಬಂದಿವೆ. ಆ 7 ಮಾತ್ರ 5ಕ್ಕೆ ಬಂದು ನಿಂತಿದೆ. ಮುಂದಿನ ತಿಂಗಳು ಅದನ್ನು ಮತ್ತೆ ಅಳೆಯುತ್ತಾರೆ.