‘ನೀರು ಹೋಗದ’ ಸ್ವಿಚ್ ಪೆಟ್ಟಿಗೆ: ಬೋಟ್ ಮಾಲೀಕರಿಗೆ ಎಚ್ಚರಿಕೆ

ಜೂನ್–ಜುಲೈ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಮಲ್ಪೆಯಲ್ಲಿ ಬೋಟ್ ಕಟ್ಟಿಟ್ಟು ಹೊಸ ವೈರಿಂಗ್ ಮಾಡಿಸುವವರು ದಯವಿಟ್ಟು ಇದನ್ನು ಓದಿದ ಮೇಲೆಯೇ ಮುಂಗಡ ಕೊಡಿ. ನಮ್ಮ ಟ್ರಾಲ್ ಬೋಟಿನ ಕ್ಯಾಬಿನ್‌ಗೆ ಸ್ವಿಚ್ ಪೆಟ್ಟಿಗೆ ಕೂರಿಸಿದ ಗುತ್ತಿಗೆದಾರರು, “ಇದು ಐಪಿ67 ಮಾರಾಯ್ರೇ, ನೀರಿನಲ್ಲಿ ಮುಳುಗಿಸಿದರೂ ಒಂದು ಹನಿ ಒಳಗೆ ಹೋಗುವುದಿಲ್ಲ” ಎಂದು ನಂಬಿಸಿ, ಮಾಮೂಲಿ ಪೆಟ್ಟಿಗೆಗಿಂತ ಬಹಳ ಹೆಚ್ಚು ಹಣ ಪಡೆದು, ವೈರ್ ಹೋಗುವ ಪ್ರತಿ ರಂಧ್ರಕ್ಕೂ ವಿನೆಗರ್ ವಾಸನೆಯ ಸಿಲಿಕೋನ್ ಮೆತ್ತಿ ಹೋದರು.

ಸೆಪ್ಟೆಂಬರ್‌ನಲ್ಲಿ ನಡುಸಮುದ್ರದಲ್ಲಿ ವೈರ್‌ಲೆಸ್ ಮತ್ತು ಫಿಶ್ ಫೈಂಡರ್ ಒಟ್ಟಿಗೇ ಕೆಟ್ಟವು. ಬಂದರಿಗೆ ಬಂದು ಎಲ್ಲರೆದುರು ಮುಚ್ಚಳ ತೆಗೆದರೆ, ಅದರ ಒಳಮೈ ತುಂಬ ಹನಿಗಳು, ತಳದಲ್ಲಿ ಬೆರಳು ಅದ್ದುವಷ್ಟು ನೀರು, ಟರ್ಮಿನಲ್‌ಗಳ ಮೇಲೆ ಹಸಿರು ಕಿಲುಬು. ಮುಚ್ಚಳದ ಹನಿಯೊಂದನ್ನು ನಾಲಿಗೆಗೆ ತಾಗಿಸಿದ ತಂಡೇಲರು (ಬೋಟ್ ನಡೆಸುವವರು), “ಇದರಲ್ಲಿ ಉಪ್ಪೇ ಇಲ್ಲ, ಇದು ಕಡಲ ನೀರಲ್ಲ” ಎಂದರು. ದುಬಾರಿ ಪೆಟ್ಟಿಗೆಯನ್ನು ಊರಿಗೆಲ್ಲ ಹೊಗಳಿಕೊಂಡಿದ್ದ ನನಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಗುತ್ತಿಗೆದಾರರಿಗೆ ಫೋನ್ ಮಾಡಿದಾಗ ಮೊದಲು ಬಂದ ಉತ್ತರ, “ನೀವು ಪೈಪ್ ಹಿಡಿದು ತೊಳೆದಿರಬೇಕು.” ಮುಳುಗಿಸಿದರೂ ಏನೂ ಆಗದ ಪೆಟ್ಟಿಗೆ ತೊಳೆದರೆ ಹಾಳಾಗುತ್ತದೆಯೇ ಎಂದು ಕೇಳಿದ್ದಕ್ಕೆ, “ಹೊರಗಿನ ನೀರು ಹೋಗಿಲ್ಲವಲ್ಲ, ಅದು ಒಳಗೇ ಆದ ನೀರು, ವಾರಂಟಿಗೆ ಬರುವುದಿಲ್ಲ” ಎಂದರು. ಒಳಗೇ ಆದ ನೀರು! ಅಂದರೆ ಹೀಗಾಗುತ್ತದೆ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ಹಣ ಎಣಿಸಿಕೊಳ್ಳುವಾಗ ಮಾತ್ರ ಬಾಯಿ ಬಿಡಲಿಲ್ಲ.

ಐಪಿ67 ಎಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಾಳುವ ಪರೀಕ್ಷೆ, ಅಷ್ಟೇ. ಎಂಜಿನ್ ಶಾಖಕ್ಕೆ ಪೆಟ್ಟಿಗೆಯೊಳಗಿನ ಗಾಳಿ ಹಿಗ್ಗುತ್ತದೆ, ರಾತ್ರಿ ಅಥವಾ ಮಳೆಗೆ ತಣಿದಾಗ ಕುಗ್ಗಿ, ವೈರ್ ಒಳಹೋಗುವಲ್ಲಿ ಬಿಗಿಯುವ ಗ್ಲ್ಯಾಂಡ್‌ಗಳ ಸಂದಿನಿಂದಲೂ ವೈರಿನ ಎಳೆಗಳ ನಡುವಿನಿಂದಲೂ ಕಡಲ ತೇವಗಾಳಿಯನ್ನು ಎಳೆದುಕೊಳ್ಳುತ್ತದೆ. 30 ಡಿಗ್ರಿಯಲ್ಲಿ ಶೇ 80 ತೇವವಿರುವ ಗಾಳಿ ಸುಮಾರು 26 ಡಿಗ್ರಿಗೆ ಇಳಿದರೆ ಸಾಕು, ಹನಿಗಟ್ಟುತ್ತದೆ. ಆ ನೀರಿಗೆ ಹೊರಗೆ ಹೋಗಲು ದಾರಿಯೇ ಇಲ್ಲ. ಸಿಲಿಕೋನ್ ಮೆತ್ತಿ ಇದ್ದ ದಾರಿಯನ್ನೂ ಮುಚ್ಚಿದ್ದರು, ಸಾಲದ್ದಕ್ಕೆ ಆ ಬಗೆಯ ಸಿಲಿಕೋನ್ ಒಣಗುವಾಗ ಬಿಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ.

ಆದ್ದರಿಂದ ಪೆಟ್ಟಿಗೆಯ ಅತಿ ತಗ್ಗಿನಲ್ಲಿ ಬ್ರೀದರ್ ಡ್ರೈನ್ (ಗಾಳಿಯಾಡಲು, ಒಳಗಿನ ನೀರು ಇಳಿದುಹೋಗಲು ಬಿಡುವ ಪುಟ್ಟ ಬಿರಡೆ) ಹಾಕಿಸಿ, ವೈರ್‌ಗಳನ್ನು ಕೆಳಗಿನಿಂದಲೇ ಒಳಗೆ ತೆಗೆದುಕೊಳ್ಳಿ, ತವರ ಲೇಪಿಸಿದ ತಾಮ್ರದ ವೈರನ್ನೇ ಕೇಳಿ. ಸಿಲಿಕಾ ಜೆಲ್ ಪೊಟ್ಟಣವನ್ನು ನಂಬಬೇಡಿ, ಅದು ಒಮ್ಮೆ ನೀರು ಕುಡಿದರೆ ಬಿಸಿ ಮಾಡಿ ಒಣಗಿಸುವ ತನಕ ಕೆಲಸಕ್ಕೆ ಬಾರದು. ಐಪಿ ಸಂಖ್ಯೆ ಹೇಳುವವರನ್ನು ಒಳಗಿನ ತೇವಕ್ಕೆ ಏನು ವ್ಯವಸ್ಥೆ ಎಂದು ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.

ನಮ್ಮ ಗುತ್ತಿಗೆದಾರರು ಈಗ ಡ್ರೈನ್ ಕೂರಿಸಿಕೊಡಲು ಸಿದ್ಧರಂತೆ. ಅದಕ್ಕೆ ಬೇರೆ ಬಿಲ್ ಆಗುತ್ತದಂತೆ.