ಬೂರ್ಟಾಂಗೆ: ನೆಲದ ಮೇಲೆ ಕಾಣದ ನಕ್ಷತ್ರ

ನೆದರ್ಲ್ಯಾಂಡ್ಸ್‌ನ ಈಶಾನ್ಯ ಮೂಲೆಯಲ್ಲಿ, ಜರ್ಮನಿಯ ಗಡಿಗೆ ಕೂಗಳತೆ ದೂರದಲ್ಲಿರುವ ಬೂರ್ಟಾಂಗೆ ಕೋಟೆಯ ಆಕಾಶಚಿತ್ರಕ್ಕೆ ಮನಸೋತು ಹೊರಡುವವರು ಒಂದು ಸಂಗತಿಯನ್ನು ಮೊದಲೇ ತಿಳಿದಿರಬೇಕು. ಚಿತ್ರದಲ್ಲಿ ಅಷ್ಟು ಚೆನ್ನಾಗಿ ಕಾಣುವ ಕೋಟೆಯ ನಕ್ಷತ್ರಾಕಾರ ನೆಲದ ಮೇಲೆ ನಿಂತವರಿಗೆ ಕಾಣುವುದಿಲ್ಲ. ಹುಲ್ಲು ಹೊದ್ದ ದಿಬ್ಬಗಳು, ಅವುಗಳ ನಡುವೆ ತಿರುಗಿ ತಿರುಗಿ ಸಾಗುವ ಕಂದಕ, ಮರದ ಸೇತುವೆಗಳು ಇಷ್ಟೇ ಕಣ್ಣಿಗೆ ಬೀಳುತ್ತವೆ. ಎತ್ತರದ ಕಲ್ಲಿನ ಗೋಡೆಯೇ ಕೋಟೆ ಎಂದುಕೊಂಡವರಿಗೆ ಮೊದಲ ನೋಟ ಸಪ್ಪೆಯೆನಿಸಿದರೆ ಆಶ್ಚರ್ಯವಿಲ್ಲ. ಆದರೆ ಫಿರಂಗಿಯ ಕಾಲದಲ್ಲಿ ಮಣ್ಣೇ ಮೇಲು. ಗುಂಡು ತಗುಲಿದರೆ ಕಲ್ಲು ಸಿಡಿಯುತ್ತದೆ, ಮಣ್ಣು ಗುಂಡನ್ನು ನುಂಗಿಕೊಳ್ಳುತ್ತದೆ.

ಆದ್ದರಿಂದ ವಸ್ತುಸಂಗ್ರಹಾಲಯಗಳಿಗೆ ಹೋಗುವ ಮೊದಲು ದಿಬ್ಬದ ಮೇಲೆ ಒಂದು ಸುತ್ತು ನಡೆಯುವುದು ಉತ್ತಮ. ನಕ್ಷತ್ರದ ಮೂಲೆಗಳಂತೆ ಹೊರಚಾಚಿರುವ ಐದು ಕೊತ್ತಲಗಳಲ್ಲಿ ಯಾವುದಾದರೂ ಒಂದರ ಪಕ್ಕದ ಅಂಚಿನಲ್ಲಿ ನಿಂತು ಮುಂದಿನ ಕೊತ್ತಲದ ಕಡೆಗೆ ನೋಡಿದರೆ, ಎರಡರ ನಡುವಿನ ದಿಬ್ಬದ ಬುಡವೆಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಅಲ್ಲಿಗೆ ಬಂದ ಶತ್ರು ಎಲ್ಲಿಯೂ ಮರೆಯಾಗುವಂತಿಲ್ಲ, ಎರಡೂ ಬದಿಯಿಂದ ಗುಂಡಿಗೆ ಸಿಕ್ಕಿಬೀಳುತ್ತಾನೆ. ನಕ್ಷತ್ರದ ಆಕಾರ ಅಂದಕ್ಕಾಗಿ ಬಂದದ್ದಲ್ಲ, ಈ ಲೆಕ್ಕಾಚಾರದಿಂದ ಬಂದದ್ದು ಎಂಬುದು ಅಲ್ಲಿ ನಿಂತಾಗ ತಾನೇ ತಿಳಿಯುತ್ತದೆ. ಕಂದಕದ ಮೇಲಕ್ಕೆ ಚಾಚಿಕೊಂಡಿರುವ ಮರದ ಪುಟ್ಟ ಗೂಡುಗಳನ್ನೂ ಗಮನಿಸಿ. ಅವು ಸೈನಿಕರ ಶೌಚಗೃಹಗಳು, ಎಲ್ಲವೂ ನೇರವಾಗಿ ನೀರಿಗೇ ಬೀಳುತ್ತಿತ್ತು. ಸೈನಿಕ ಜೀವನದ ಬಗ್ಗೆ ಗಾಜಿನ ಪೆಟ್ಟಿಗೆಯೊಳಗಿನ ಕತ್ತಿ ಬಂದೂಕುಗಳು ಹೇಳದಿರುವುದನ್ನು ಈ ಗೂಡುಗಳು ಹೇಳುತ್ತವೆ.

ಸ್ಪೇನ್ ವಿರುದ್ಧದ ಡಚ್ಚರ ದಂಗೆಯ ಕಾಲದಲ್ಲಿ, 1580ರಲ್ಲಿ, ಗ್ರೋನಿಂಗನ್ ನಗರ ಸ್ಪೇನಿನ ಪಕ್ಷಕ್ಕೆ ಸೇರಿದಾಗ, ಆ ನಗರಕ್ಕೂ ಜರ್ಮನ್ ಪ್ರಾಂತ್ಯಗಳಿಗೂ ನಡುವಿನ ದಾರಿಯನ್ನು ಕತ್ತರಿಸಲು ಇಲ್ಲಿ ಕೋಟೆ ಕಟ್ಟುವಂತೆ ದಂಗೆಯ ನಾಯಕ ಆರೆಂಜಿನ ವಿಲಿಯಂ ಆಜ್ಞಾಪಿಸಿದ. ಅದು ಪೂರ್ಣಗೊಂಡದ್ದು 1593ರಲ್ಲಿ, ಅವನು ತೀರಿಕೊಂಡ ಮೇಲೆ. ದಾರಿ ಹಾದುಹೋಗುತ್ತಿದ್ದದ್ದು ವಿಶಾಲವಾದ ಜೌಗಿನ ನಡುವಿನ ಮರಳು ದಿಣ್ಣೆಯೊಂದರ ಮೇಲೆ. ನನ್ನ ಮಟ್ಟಿಗೆ ಕೋಟೆಯ ನಿಜವಾದ ಬಲ ಆ ಜೌಗು. 1672ರಲ್ಲಿ ಮ್ಯೂನ್‌ಸ್ಟರಿನ ಬಿಷಪ್ ಬೆರ್ನಾರ್ಡ್ ಫಾನ್ ಗಾಲೆನ್ ಕೋಟೆಯನ್ನು ಒಪ್ಪಿಸುವಂತೆ ದೊಡ್ಡ ಮೊತ್ತದ ಲಂಚ ಒಡ್ಡಿದನೆಂದೂ ಕೋಟೆಯ ಅಧಿಕಾರಿ ಪ್ರಾಟ್ ಅದನ್ನು ತಳ್ಳಿಹಾಕಿದನೆಂದೂ ಹೇಳುವ ಪ್ರಸಂಗ ಇಲ್ಲಿ ಬಲು ಜನಪ್ರಿಯ. ಆದರೆ ಆ ನಿಷ್ಠೆಗೆ ಬೆನ್ನೆಲುಬಾಗಿ ನಿಂತದ್ದು ಫಿರಂಗಿ ಎಳೆದು ತರಲಾಗದ ಕೆಸರು. ಆ ಜೌಗು ಬಹುಮಟ್ಟಿಗೆ ಬತ್ತಿ, ಇಂದು ಸುತ್ತಲೂ ಸಮತಟ್ಟಾದ ಹೊಲಗಳಿರುವುದರಿಂದ, ಇಷ್ಟು ಬಯಲಿನಲ್ಲಿ ಇಷ್ಟು ಸಣ್ಣ ಕೋಟೆಯಿಂದ ಏನು ಪ್ರಯೋಜನ ಎಂಬ ಪ್ರಶ್ನೆ ಏಳುವುದು ಸಹಜ. ಹಳೆಯ ನಕ್ಷೆಯೊಂದನ್ನು ನೋಡಿಕೊಂಡು ಹೋದವರಿಗೆ ಮಾತ್ರ ಇದಕ್ಕೆ ಉತ್ತರ ಸಿಗುತ್ತದೆ.

ಇನ್ನೊಂದು ಮಾತು. ಇಲ್ಲಿ ಕಾಣುವುದರಲ್ಲಿ ಹೆಚ್ಚಿನದು ಹಳೆಯದಲ್ಲ. 1851ರಲ್ಲಿ ಸೈನ್ಯ ಕೈಬಿಟ್ಟ ಮೇಲೆ ದಿಬ್ಬಗಳನ್ನು ಅಗೆದು, ಕಂದಕಗಳನ್ನು ಮುಚ್ಚಿ, ಕೋಟೆ ಸಾಮಾನ್ಯ ರೈತರ ಹಳ್ಳಿಯಾಯಿತು. 1967ರಿಂದ 1992ರವರೆಗೆ ಅದನ್ನು 1742ರ ರೂಪಕ್ಕೆ, ಅಂದರೆ ಅದು ಅತಿ ಹೆಚ್ಚು ವಿಸ್ತಾರಗೊಂಡಿದ್ದ ಕಾಲದ ರೂಪಕ್ಕೆ, ಮರಳಿ ಕಟ್ಟಲಾಯಿತು. ಕೆಲಸ ಅಚ್ಚುಕಟ್ಟಾಗಿದೆ, ಸ್ವಲ್ಪ ಅತಿಯಾಗಿಯೇ ಅಚ್ಚುಕಟ್ಟಾಗಿದೆ. ಒಂದು ವರ್ಷವನ್ನು ಆರಿಸಿಕೊಂಡಾಗ ಅದರ ನಂತರದ ಹಳ್ಳಿಯ ಬದುಕು ಹಿಂದಕ್ಕೆ ಸರಿಯುತ್ತದೆ. 19ನೇ ಶತಮಾನದ ಯಹೂದಿ ಪ್ರಾರ್ಥನಾಮಂದಿರವೊಂದು ಉಳಿದುಕೊಂಡಿದೆ. ಅದನ್ನು ತಪ್ಪಿಸಿಕೊಳ್ಳಬಾರದು, ಸುತ್ತಲಿನ ಹೊಸ ಇಟ್ಟಿಗೆಗಳ ನಡುವೆ ಅದೊಂದು ಬೇರೆಯೇ ಇತಿಹಾಸ.

ನಡುವಿನ ಚೌಕದಲ್ಲಿ ಲಿಂಡೆನ್ ಮರಗಳ ನೆರಳಿದೆ, ಕಾಫಿ ಸಿಗುತ್ತದೆ. ಊಟದ ಬಗ್ಗೆ ವಿಶೇಷವಾಗಿ ಬರೆಯುವಂಥದ್ದೇನಿಲ್ಲ. ಊರಿಗೆ ರೈಲಿಲ್ಲವಾದ್ದರಿಂದ ಕಾರು ಅನುಕೂಲ. ಫಿರಂಗಿ, ಸಮವಸ್ತ್ರಗಳಲ್ಲಿ ಆಸಕ್ತಿಯುಳ್ಳವರು ಯುದ್ಧದ ಅಣಕು ಪ್ರದರ್ಶನದ ದಿನಗಳನ್ನು ನೋಡಿಕೊಂಡು ಹೋಗಲಿ. ಕೋಟೆಯ ರಚನೆಯನ್ನೇ ಅರಿಯಬೇಕೆನ್ನುವವರು ಆ ದಿನಗಳನ್ನು ಬಿಟ್ಟು ಜನ ಕಡಿಮೆಯಿರುವ ಬೆಳಿಗ್ಗೆಯೊಂದನ್ನು ಆರಿಸಿಕೊಳ್ಳಲಿ.